‘ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ’: 1974ರ ಟೆಲ್ಕೊ ಸಂದರ್ಶನ, ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿ ಮುಗಿಸುವ ಹಂತದಲ್ಲಿದ್ದ ಸುಧಾ ಕುಲಕರ್ಣಿ ಎಂಬ ವಿದ್ಯಾರ್ಥಿನಿ, 1974ರಲ್ಲಿ ಪುಣೆಯ ಪಿಂಪ್ರಿಯಲ್ಲಿದ್ದ, ಲಾರಿ ತಯಾರಿಸುವ ಟಾಟಾ ಕಂಪನಿ ಟೆಲ್ಕೊದ ಕಚೇರಿಗೆ ಹೋಗಿ ಆರು ಮಂದಿಯ ಮಂಡಳಿಯ ಮುಂದೆ ಸಂದರ್ಶನ ಕೊಟ್ಟರು. ಆಯ್ಕೆಯಾಗಿ, ಆ ಕಂಪನಿಯ ಶಾಪ್ ಫ್ಲೋರಿನಲ್ಲಿ, ಅಂದರೆ ಯಂತ್ರಗಳ ನಡುವೆ ತಯಾರಿಕೆ ನಡೆಯುವ ಜಾಗದಲ್ಲಿ, ಕೆಲಸ ಮಾಡಿದ ಮೊದಲ ಮಹಿಳಾ ಇಂಜಿನಿಯರ್ ಎನಿಸಿದರು. ಮುಂದೆ ಸುಧಾ ಮೂರ್ತಿ ಎಂಬ ಹೆಸರಿನಿಂದ ಕನ್ನಡ ಓದುಗರಿಗೆಲ್ಲ ಪರಿಚಿತರಾದ ಅವರು ಈ ಪ್ರಸಂಗವನ್ನು ಸ್ವತಃ ಬರೆದಿದ್ದಾರೆ, ಅನೇಕ ಸಭೆಗಳಲ್ಲಿ ಹೇಳಿದ್ದಾರೆ. ಹೇಳಿ ಕೇಳಿ ಅದು ಈಗ ಧೈರ್ಯದ ಕಥೆಯೊಂದರ ರೂಪ ಪಡೆದಿದೆ: ಮಹಿಳೆಯರು ಬೇಡ ಎಂಬ ಪ್ರಕಟಣೆ ಕಂಡು ಹುಬ್ಬಳ್ಳಿಯ ಹುಡುಗಿ ಟಾಟಾ ಮುಖ್ಯಸ್ಥರಿಗೇ ಅಂಚೆ ಕಾರ್ಡು ಬರೆದಳು, ದೊಡ್ಡ ಕಂಪನಿ ಮಣಿಯಿತು.

ಕಥೆ ಸುಳ್ಳೇನೂ ಅಲ್ಲ. ಆದರೆ ಅದನ್ನು ಒಂದು ನೇಮಕಾತಿ ಪ್ರಕ್ರಿಯೆಯಾಗಿ, ಹಂತ ಹಂತವಾಗಿ ಓದಿದಾಗ ಧೈರ್ಯದ ಜೊತೆಗೆ ಬೇರೆ ಕೆಲವು ಸಂಗತಿಗಳೂ ಎದ್ದು ಕಾಣುತ್ತವೆ. ಅಭ್ಯರ್ಥಿಯ ಸಾಮರ್ಥ್ಯವನ್ನು ಸಂದರ್ಶನದ ಕೋಣೆಯಲ್ಲಿ ಯಾರೂ ಅನುಮಾನಿಸಿದಂತಿಲ್ಲ. ಕಂಪನಿಯ ತೊಡಕು ಇದ್ದದ್ದು ಕಾರ್ಖಾನೆಯ ವ್ಯವಸ್ಥೆಯಲ್ಲಿ ಮತ್ತು, ಹೆಚ್ಚಿನವರು ಗಮನಿಸದ ಅಂಶವೆಂದರೆ, ಸ್ವಲ್ಪ ಮಟ್ಟಿಗೆ ದೇಶದ ಕಾನೂನಿನಲ್ಲಿ. ಅಂಥ ತೊಡಕನ್ನು ನಿವಾರಿಸುವ ಅಧಿಕಾರ ಯಾವ ಸಂದರ್ಶನ ಮಂಡಳಿಗೂ ಇರುವುದಿಲ್ಲ. ಹಾಗಿದ್ದೂ ನೇಮಕ ಹೇಗೆ ಆಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಘಟನೆಯ ಮುಖ್ಯ ಆಧಾರ ಅಭ್ಯರ್ಥಿಯೇ ವರ್ಷಗಳ ನಂತರ ಬರೆದ ನೆನಪು. ಆದ್ದರಿಂದ ಮಾತುಗಳನ್ನು ಅಕ್ಷರಶಃ ತೂಗದೆ, ಘಟನೆಗಳ ಅನುಕ್ರಮವನ್ನು ಮತ್ತು ಅವುಗಳ ಹಿಂದಿನ ಸಂದರ್ಭವನ್ನು ಆಧರಿಸಿ ವಿಶ್ಲೇಷಣೆ ನಡೆಸುವುದು ಕ್ಷೇಮ.

ಅಭ್ಯರ್ಥಿ ಮತ್ತು ಕಂಪನಿ

ಸುಧಾ ಕುಲಕರ್ಣಿ 1950ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದವರು, ತಂದೆ ವೈದ್ಯರು. ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಓದಿದಾಗ ಇಡೀ ಕಾಲೇಜಿಗೆ ಒಬ್ಬರೇ ಹುಡುಗಿ. ಪ್ರವೇಶ ಕೊಡುವಾಗ ಪ್ರಾಂಶುಪಾಲರು ಮೂರು ಷರತ್ತು ಹಾಕಿದ್ದರು: ಸೀರೆ ಉಟ್ಟೇ ಬರಬೇಕು, ಕ್ಯಾಂಟೀನಿನ ಕಡೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ ಎಂಬುದನ್ನು ಅವರು ಎಷ್ಟೋ ಕಡೆ ನೆನಪಿಸಿಕೊಂಡಿದ್ದಾರೆ. ಈ ವಿವರ ನಮ್ಮ ಪ್ರಕರಣಕ್ಕೆ ಮುಖ್ಯವಾಗುತ್ತದೆ. ಪಿಂಪ್ರಿಯಲ್ಲಿ ಅವರಿಗೆ ಎದುರಾದ ಆಕ್ಷೇಪ ಹೊಸದಾಗಿರಲಿಲ್ಲ. ನಿನ್ನಂಥವರಿಗಾಗಿ ಇಲ್ಲಿ ವ್ಯವಸ್ಥೆಯಿಲ್ಲ ಎಂಬ ಮಾತನ್ನು ಒಮ್ಮೆ ಕೇಳಿ, ವ್ಯವಸ್ಥೆ ಇಲ್ಲದೆಯೇ ಪದವಿ ಮುಗಿಸಿ, ಮೊದಲ ಸ್ಥಾನ ಪಡೆದು ಬಂದವರು ಅವರು.

ವಿಜ್ಞಾನ ಸಂಸ್ಥೆಯ ತಮ್ಮ ಸ್ನಾತಕೋತ್ತರ ವಿಭಾಗದಲ್ಲೂ ಅವರೊಬ್ಬರೇ ವಿದ್ಯಾರ್ಥಿನಿ. ಅಮೆರಿಕದ ವಿಶ್ವವಿದ್ಯಾಲಯಗಳಿಂದ ಸಂಶೋಧನೆಗೆ ವಿದ್ಯಾರ್ಥಿವೇತನ ಬಂದಿತ್ತು. ಭಾರತದಲ್ಲಿ ಕೆಲಸಕ್ಕೆ ಸೇರುವ ಯೋಚನೆಯೇ ಆಗ ಅವರಿಗೆ ಇರಲಿಲ್ಲ.

ಇನ್ನು ಕಂಪನಿ. ಟಾಟಾ ಇಂಜಿನಿಯರಿಂಗ್ ಅಂಡ್ ಲೊಕೊಮೋಟಿವ್ ಕಂಪನಿ, ಅಂದರೆ ಟೆಲ್ಕೊ, 1945ರಲ್ಲಿ ಸ್ಥಾಪನೆಯಾಗಿ ಜಮ್‌ಷೆಡ್‌ಪುರದಲ್ಲಿ ಉಗಿಬಂಡಿ ಎಂಜಿನ್ನುಗಳ ತಯಾರಿಕೆಯಿಂದ ಆರಂಭಿಸಿ, 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿಗಳ ತಯಾರಿಕೆಗೆ ಇಳಿಯಿತು. 2003ರಲ್ಲಿ ಟಾಟಾ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡದ್ದು ಇದೇ ಕಂಪನಿ. 1974ರ ವೇಳೆಗೆ ಪುಣೆಯಲ್ಲಿ ಅದರ ಎರಡನೆಯ ದೊಡ್ಡ ಕೇಂದ್ರ ಬೆಳೆಯುತ್ತಿತ್ತು. ಅದಕ್ಕೆ ತರುಣ ಇಂಜಿನಿಯರುಗಳು ಬೇಕಾಗಿದ್ದರು. ವಿಜ್ಞಾನ ಸಂಸ್ಥೆಯಂಥ ಕಡೆ ಪ್ರಕಟಣೆ ಕಳಿಸಿದ್ದು ಸಹಜವೇ.

ಸೂಚನಾ ಫಲಕದ ಕೊನೆಯ ಸಾಲು

ಏಪ್ರಿಲ್ ತಿಂಗಳಿರಬೇಕು ಎಂದು ಅವರು ನೆನಪಿಸಿಕೊಳ್ಳುತ್ತಾರೆ. ತರಗತಿ ಮುಗಿಸಿ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ಸೂಚನಾ ಫಲಕದ ಮೇಲೆ ಟೆಲ್ಕೊ ಪ್ರಕಟಣೆ ಕಂಡಿತು. ಚುರುಕಾದ, ಶ್ರಮಪಡುವ, ಉತ್ತಮ ಅಂಕ ಪಡೆದ ತರುಣ ಇಂಜಿನಿಯರುಗಳು ಬೇಕಾಗಿದ್ದಾರೆ ಎಂಬ ವಾಡಿಕೆಯ ಒಕ್ಕಣೆ. ಕೆಳಗೆ, ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂಬ ಒಂದು ಸಾಲು.

ಈ ಸಾಲು ಅಂಟಿಸಿದ್ದ ಆವರಣವನ್ನು ಸ್ವಲ್ಪ ನೋಡಬೇಕು. ಜೆಮ್ಷೆಟ್‌ಜಿ ಟಾಟಾ ಅವರ ದತ್ತಿಯಿಂದ, ಮೈಸೂರು ಸಂಸ್ಥಾನ ಕೊಟ್ಟ ಜಮೀನಿನಲ್ಲಿ, 1909ರಲ್ಲಿ ಸ್ಥಾಪಿತವಾದ ಸಂಸ್ಥೆ ಅದು. ಬೆಂಗಳೂರಿನ ಜನ ಇವತ್ತಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಅದೇ ಆವರಣದಲ್ಲಿ ರಾಜೇಶ್ವರಿ ಚಟರ್ಜಿ 1953ರಿಂದ ಇಂಜಿನಿಯರಿಂಗ್ ಕಲಿಸುತ್ತಿದ್ದರು. ಮೈಕ್ರೊವೇವ್ ಮತ್ತು ಆಂಟೆನಾ ಕ್ಷೇತ್ರದಲ್ಲಿ ಸಂಶೋಧನೆ ನಡೆಸಿ, ವಿದ್ಯಾರ್ಥಿಗಳ ಒಂದು ತಲೆಮಾರನ್ನೇ ತಯಾರು ಮಾಡಿದ ಕನ್ನಡತಿ. ಅಂದರೆ ಒಬ್ಬ ಮಹಿಳೆ ಇಂಜಿನಿಯರಿಂಗ್ ಪ್ರಾಧ್ಯಾಪಕಿಯಾಗಿದ್ದ ಕಡೆಯಲ್ಲೇ, ಟಾಟಾ ಹಣದಿಂದ ಎದ್ದ ಕಟ್ಟಡಗಳ ನಡುವೆಯೇ, ಟಾಟಾ ಕಂಪನಿಯೊಂದು ಇಂಜಿನಿಯರ್ ಹುದ್ದೆಗೆ ಮಹಿಳೆಯರು ಬೇಡ ಎಂದು ಬರೆದು ಕಳಿಸಿತ್ತು. ಪ್ರಕಟಣೆ ಸಿದ್ಧಪಡಿಸಿದವರಿಗೆ ಇದರಲ್ಲಿ ಅಸಂಗತವಾದದ್ದೇನೂ ಕಾಣಲಿಲ್ಲ ಎನ್ನುವುದು ಅಂದಿನ ರೂಢಿಯ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಮಹಿಳಾ ಇಂಜಿನಿಯರುಗಳು ಆಗ ದೇಶಕ್ಕೆ ಹೊಸಬರೂ ಅಲ್ಲ. ಮದರಾಸಿನ ಗಿಂಡಿ ಕಾಲೇಜಿನಲ್ಲಿ ಓದಿದ ಎ. ಲಲಿತಾ 1943ರಲ್ಲೇ ವಿದ್ಯುತ್ ಇಂಜಿನಿಯರ್ ಆಗಿ, ಮುಂದೆ ಕಲ್ಕತ್ತದ ಕಂಪನಿಯೊಂದರಲ್ಲಿ ವಿದ್ಯುತ್ ಪ್ರಸರಣ ಮಾರ್ಗಗಳ ವಿನ್ಯಾಸ ಮಾಡಿದ್ದರು. ಅದೇ ಕಾಲೇಜಿನ ಪಿ.ಕೆ. ತ್ರೇಸ್ಯಾ 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಹುದ್ದೆಗೆ ಏರಿದ್ದರು. ಕಾರ್ಖಾನೆಗಳಲ್ಲಿ ಹೆಂಗಸರು ಇರಲಿಲ್ಲವೆಂದೂ ಹೇಳಲಾಗದು. ಬೆಂಗಳೂರಿನ ಐ.ಟಿ.ಐ. ದೂರವಾಣಿ ಕಾರ್ಖಾನೆಯಲ್ಲಿ, ಎಚ್.ಎಂ.ಟಿ.ಯ ಗಡಿಯಾರ ವಿಭಾಗದಲ್ಲಿ ಜೋಡಣೆಯ ಸಾಲುಗಳಲ್ಲಿ ಕುಳಿತವರಲ್ಲಿ ಬಹಳ ಮಂದಿ ಮಹಿಳೆಯರೇ. ಟಾಟಾ ಮನೆತನದ್ದೇ ಆದ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ರೇಜಾ ಎಂದು ಕರೆಸಿಕೊಳ್ಳುತ್ತಿದ್ದ ಕೂಲಿ ಹೆಂಗಸರು ತಲೆಯ ಮೇಲೆ ಹೊರೆ ಹೊತ್ತು ದುಡಿದಿದ್ದರು. 1928ರಲ್ಲೇ ಅಲ್ಲಿ ಹೆರಿಗೆ ಸೌಲಭ್ಯ ಜಾರಿಗೆ ಬಂದದ್ದು ಅವರಂಥವರು ಇದ್ದುದರಿಂದ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸೂಚನಾ ಫಲಕದ ಸಾಲಿನ ನಿಜವಾದ ವ್ಯಾಪ್ತಿ ತಿಳಿಯುತ್ತದೆ. ಹೊರೆ ಹೊರುವ ಹೆಂಗಸಿಗೆ ಕಾರ್ಖಾನೆಯಲ್ಲಿ ಜಾಗವಿತ್ತು, ಸಣ್ಣ ಬಿಡಿಭಾಗ ಜೋಡಿಸುವ ಹೆಂಗಸಿಗೆ ಜಾಗವಿತ್ತು, ಕಚೇರಿಯ ಮೇಜಿನಲ್ಲಿ ನಕ್ಷೆ ಬರೆಯುವ ಇಂಜಿನಿಯರಿಗೂ ಜಾಗವಿತ್ತು. ಭಾರಿ ಯಂತ್ರಗಳ ನಡುವೆ ನಿಂತು ಗಂಡಸರಾದ ಕಾರ್ಮಿಕರಿಗೆ ಕೆಲಸ ಹೇಳಬೇಕಾದ ತರುಣಿಗೆ ಮಾತ್ರ ಇನ್ನೂ ಜಾಗ ಮಾಡಿರಲಿಲ್ಲ. ಅಡ್ಡಿ ಇದ್ದದ್ದು ಇಲ್ಲಿ, ಮತ್ತು ಇದನ್ನು ದೈಹಿಕ ಶಕ್ತಿಯ ಪ್ರಶ್ನೆ ಎಂದು ವಿವರಿಸುವುದು ಸಾಧ್ಯವಿಲ್ಲ. ಹೊರೆ ಹೊತ್ತ ರೇಜಾಗಳೇ ಅದಕ್ಕೆ ಉತ್ತರ.

ಕಾನೂನು ಯಾರ ಕಡೆ ಇತ್ತು?

ಇಂದಿನ ಓದುಗರು ಈ ಪ್ರಕಟಣೆ ಕಾನೂನುಬಾಹಿರವಾಗಿತ್ತು ಎಂದು ಭಾವಿಸುವುದು ಸಹಜ. 1974ರ ಏಪ್ರಿಲಿನಲ್ಲಿ ಅದು ಹಾಗಿರಲಿಲ್ಲ. ಸಂವಿಧಾನದ 16ನೇ ವಿಧಿ ಉದ್ಯೋಗದಲ್ಲಿ ಲಿಂಗದ ಆಧಾರದ ಮೇಲಿನ ತಾರತಮ್ಯವನ್ನು ನಿಷೇಧಿಸುತ್ತದೆ, ಆದರೆ ಸರ್ಕಾರಿ ಹುದ್ದೆಗಳ ಮಟ್ಟಿಗೆ. ಖಾಸಗಿ ಕಂಪನಿಯ ನೇಮಕಾತಿ ಅದರ ಹಿಡಿತಕ್ಕೆ ಬರುವುದಿಲ್ಲ. ನೇಮಕಾತಿಯಲ್ಲೇ ಗಂಡು ಹೆಣ್ಣೆಂಬ ಭೇದ ಮಾಡಬಾರದು ಎಂದು ಖಾಸಗಿ ಮಾಲೀಕರಿಗೂ ಅನ್ವಯಿಸುವಂತೆ ಹೇಳಿದ್ದು ಸಮಾನ ವೇತನ ಕಾಯಿದೆಯ 5ನೇ ಕಲಂ. ಅದು ಅಂತರರಾಷ್ಟ್ರೀಯ ಮಹಿಳಾ ವರ್ಷವಾದ 1975ರಲ್ಲಿ ಸುಗ್ರೀವಾಜ್ಞೆಯಾಗಿ ಬಂದು, 1976ರಲ್ಲಿ ಕಾಯಿದೆಯಾಯಿತು. ಅಂಚೆ ಕಾರ್ಡು ಬರೆದಾಗ ಸುಧಾ ಕುಲಕರ್ಣಿಯವರ ಕೈಯಲ್ಲಿ ಹೀಗೆ ಯಾವ ಕಾನೂನಿನ ಆಸರೆಯೂ ಇರಲಿಲ್ಲ. ನ್ಯಾಯಾಲಯಕ್ಕೆ ಹೋಗಿದ್ದರೆ ಅರ್ಜಿ ನಿಲ್ಲುತ್ತಿದ್ದುದು ಅನುಮಾನ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಕಾನೂನು ಆಗ ಕಂಪನಿಯ ಪರವಾಗಿಯೇ ಇತ್ತು ಎಂದರೂ ತಪ್ಪಿಲ್ಲ. 1948ರ ಕಾರ್ಖಾನೆ ಕಾಯಿದೆಯ 66ನೇ ಕಲಮಿನ ಪ್ರಕಾರ ಬೆಳಿಗ್ಗೆ 6ರಿಂದ ಸಂಜೆ 7ರವರೆಗಿನ ಅವಧಿಯ ಹೊರಗೆ ಯಾವ ಮಹಿಳೆಯನ್ನೂ ಕಾರ್ಖಾನೆಯಲ್ಲಿ ದುಡಿಸುವಂತಿರಲಿಲ್ಲ. ರಾಜ್ಯ ಸರ್ಕಾರ ಈ ಮಿತಿಯನ್ನು ಸ್ವಲ್ಪ ಸಡಿಲಿಸಬಹುದಾಗಿತ್ತಾದರೂ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗಿನ ಹೊತ್ತನ್ನು ಮುಟ್ಟುವಂತಿರಲಿಲ್ಲ. ಮೇಲ್ವಿಚಾರಣೆ ಮತ್ತು ಆಡಳಿತದ ಹುದ್ದೆಯಲ್ಲಿರುವವರಿಗೆ ಕೆಲಸದ ಅವಧಿಯ ನಿಯಮಗಳಿಂದ ವಿನಾಯಿತಿ ಕೊಡಲು ಅದೇ ಕಾಯಿದೆಯ 64ನೇ ಕಲಂ ಅವಕಾಶ ಕೊಡುತ್ತಿತ್ತು. ಆದರೆ ಮಹಿಳೆಯರ ರಾತ್ರಿ ಕೆಲಸದ ನಿರ್ಬಂಧವನ್ನು ಮಾತ್ರ ಆ ವಿನಾಯಿತಿಯಿಂದ ಹೊರಗಿಟ್ಟಿತ್ತು. ಎಂದರೆ ಪಾಳಿಯ ಉಸ್ತುವಾರಿ ನೋಡುವ ಇಂಜಿನಿಯರ್ ಆದರೂ, ಹೆಣ್ಣಾಗಿದ್ದರೆ, ರಾತ್ರಿ ಪಾಳಿ ಆಕೆಗೆ ನಿಷಿದ್ಧವಾಗಿತ್ತು. ಇದರ ಜೊತೆಗೆ, ಚಲಿಸುತ್ತಿರುವ ಪ್ರಸರಣ ಯಂತ್ರಗಳ ಭಾಗಗಳನ್ನು ಮಹಿಳೆಯರು ಶುಚಿಗೊಳಿಸುವುದು, ಎಣ್ಣೆ ಹಾಕುವುದು, ಸರಿಪಡಿಸುವುದು ಕೆಲವು ಸಂದರ್ಭಗಳಲ್ಲಿ 22ನೇ ಕಲಮಿನ ಅಡಿ ನಿಷಿದ್ಧವಾಗಿತ್ತು. ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಒದಗಿಸುವ ಹೊಣೆಯನ್ನು 19ನೇ ಕಲಂ ಮಾಲೀಕನ ಮೇಲೆ ಹೊರಿಸಿತ್ತು.

ಪಾಳಿಗಳಲ್ಲಿ ಕೆಲಸ ನಡೆಯುವ ಕಾರ್ಖಾನೆಯ ಸಿಬ್ಬಂದಿ ವಿಭಾಗದ ಅಧಿಕಾರಿಯೊಬ್ಬ ಈ ಕಲಮುಗಳನ್ನು ಎದುರಿಗಿಟ್ಟುಕೊಂಡು ಕುಳಿತರೆ, ಹತ್ತು ತರಬೇತಿ ಇಂಜಿನಿಯರುಗಳಲ್ಲಿ ಒಬ್ಬರನ್ನು ರಾತ್ರಿ ಪಾಳಿಗೆ ಹಾಕುವಂತಿಲ್ಲ ಎಂಬುದು ಅವನಿಗೆ ತೊಂದರೆಯಾಗಿ ಕಾಣುವುದು ಸಹಜ. ಆ ತೊಂದರೆಯನ್ನು ನಿಭಾಯಿಸುವ ಬದಲು ಅವನು ಒಂದು ಸಾಲಿನಲ್ಲಿ ಅದನ್ನು ಹೊರಗಟ್ಟಿದ. ತಪ್ಪು ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ: ರಾತ್ರಿ ಪಾಳಿಗೆ ಹಾಕಲಾಗದು ಎಂಬ ಸೀಮಿತ ಅಡಚಣೆ, ಅರ್ಜಿಯನ್ನೇ ಹಾಕಬೇಡಿ ಎಂಬ ಪೂರ್ಣ ನಿಷೇಧವಾಗಿ ಹಿಗ್ಗಿತು. ರಕ್ಷಣೆಗೆಂದು ಬರೆದ ಕಾನೂನು ಹೊರಗಿಡಲು ನೆಪವಾಗುವುದು ಹೀಗೆಯೇ, ಮತ್ತು ಇದಕ್ಕೆ ಯಾರೊಬ್ಬರ ದುರುದ್ದೇಶವೂ ಬೇಕಾಗಿಲ್ಲ.

ಕಾರ್ಡು ಹೋದ ವಿಳಾಸ

ಅಂಚೆ ಕಾರ್ಡಿನ ಒಕ್ಕಣೆ ಚಿಕ್ಕದು. ಟಾಟಾ ಮನೆತನ ಉಕ್ಕು, ರಾಸಾಯನಿಕ, ಜವಳಿ, ರೈಲು ಎಂಜಿನ್ನುಗಳಂಥ ಮೂಲ ಉದ್ಯಮಗಳಲ್ಲಿ ದೇಶಕ್ಕೆ ದಾರಿ ಹಾಕಿಕೊಟ್ಟಿದೆ, ವಿಜ್ಞಾನ ಸಂಸ್ಥೆಯನ್ನು ಕಟ್ಟಿದೆ, ಅಲ್ಲಿಯೇ ತಾನು ಓದುತ್ತಿದ್ದೇನೆ. ಅಂಥವರ ಕಂಪನಿಯೇ ಹೆಣ್ಣು ಗಂಡೆಂಬ ಭೇದ ಮಾಡುತ್ತಿರುವುದು ಆಶ್ಚರ್ಯ ಎಂಬುದು ಅದರ ಸಾರ. ಕೆಲಸ ಕೊಡಿ ಎಂಬ ಕೋರಿಕೆ ಅದರಲ್ಲಿರಲಿಲ್ಲ. ಹೀಗಾಗಿ ಈ ಪ್ರಕರಣದಲ್ಲಿ ಸಂದರ್ಶನ ನಡೆದದ್ದು ಅರ್ಜಿಯೇ ಇಲ್ಲದೆ. ದೂರಿಗೆ ಉತ್ತರವಾಗಿ ಸಂದರ್ಶನದ ಕರೆ ಬಂತು.

ಕಾರ್ಡಿನ ವಾದದ ರೀತಿಯನ್ನು ಗಮನಿಸಬೇಕು. ಹಕ್ಕಿನ ಮಾತು ಅದರಲ್ಲಿಲ್ಲ, ಮೇಲೆ ಕಂಡಂತೆ ಹಕ್ಕು ಕಾನೂನಿನಲ್ಲಿ ಇರಲೂ ಇಲ್ಲ. ಓದುಗನ ಮನೆತನದ ಕೀರ್ತಿಯನ್ನೇ ಅಳತೆಗೋಲಾಗಿ ಹಿಡಿದು, ಅದಕ್ಕೆ ಈ ನಡೆ ಒಪ್ಪುವುದಿಲ್ಲ ಎಂದು ತೋರಿಸಿತು. ಕಾನೂನು ಕೈ ಕೊಟ್ಟ ಕಡೆ ಮರ್ಯಾದೆಯ ಪ್ರಶ್ನೆ ಎತ್ತುವುದು ನಮ್ಮ ಊರುಗಳ ಹಳೆಯ ಉಪಾಯ. ಇಪ್ಪತ್ಮೂರರ ವಯಸ್ಸಿನ ವಿದ್ಯಾರ್ಥಿನಿ ಅದನ್ನು ಲೆಕ್ಕ ಹಾಕಿ ಮಾಡಿರಲಾರರು. ಸಿಟ್ಟಿನಲ್ಲಿ ಬರೆದದ್ದು ಸರಿಯಾದ ದಾರಿಯಲ್ಲೇ ಹೋಯಿತು.

ವಿಳಾಸದ ವಿಷಯವಂತೂ ಕುತೂಹಲಕರ. ಟೆಲ್ಕೊ ಮುಖ್ಯಸ್ಥರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಟಾಟಾ ಸಮೂಹದ ಮುಖ್ಯಸ್ಥರಾಗಿದ್ದ ಜೆ.ಆರ್.ಡಿ. ಟಾಟಾ ಅವರ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡಿದ್ದರಿಂದ ಅವರ ಹೆಸರಿಗೇ ಬರೆದರು. ಟೆಲ್ಕೊ ಅಧ್ಯಕ್ಷರಾಗಿದ್ದವರು ಸುಮಂತ್ ಮೂಳಗಾಂವ್‌ಕರ್. ಕ್ರಮ ತಿಳಿದವರು ಬರೆದಿದ್ದರೆ ಪತ್ರ ಸಿಬ್ಬಂದಿ ವಿಭಾಗಕ್ಕೆ, ಹೆಚ್ಚೆಂದರೆ ಕಂಪನಿಯ ಅಧ್ಯಕ್ಷರಿಗೆ ಹೋಗುತ್ತಿತ್ತು. ಪ್ರಕಟಣೆ ಹೊರಟ ಕಡೆಗೇ ದೂರು ಮರಳಿ ಬರುತ್ತಿತ್ತು. ಪ್ರಕಟಣೆಯ ಸಾಲನ್ನು ಸಮರ್ಥಿಸಿಕೊಳ್ಳಬೇಕಾದ ಹೊಣೆಯಿಲ್ಲದ, ಆದರೆ ಅದನ್ನು ಬದಲಿಸುವ ಬಲವಿದ್ದ ವ್ಯಕ್ತಿಯನ್ನು ಅದು ತಲುಪಿದ್ದು, ಕ್ರಮ ತಿಳಿಯದೆ ಬರೆದದ್ದರಿಂದ.

ಹತ್ತು ದಿನ ಕಳೆಯುವುದರೊಳಗೆ ತಂತಿ ಬಂತು: ಪುಣೆಗೆ ಸಂದರ್ಶನಕ್ಕೆ ಬರಬೇಕು, ಹೋಗಿ ಬರುವ ಖರ್ಚು ಕಂಪನಿಯದು. ಹಾಸ್ಟೆಲಿನ ಗೆಳತಿಯರು ಸಂದರ್ಶನಕ್ಕಿಂತ ಪುಣೆಯ ಸೀರೆಗಳ ಬಗ್ಗೆ ಹೆಚ್ಚು ಆಸಕ್ತಿ ತೋರಿಸಿ, ತಲೆಗೆ 30 ರೂಪಾಯಿಯಂತೆ ಕೊಟ್ಟು ಕಳಿಸಿದರಂತೆ. ಖರ್ಚಿಲ್ಲದ ಪ್ರವಾಸ ಎಂಬ ಭಾವನೆಯೇ ಅಭ್ಯರ್ಥಿಯಲ್ಲೂ ಇತ್ತು. ಹಗುರವಾಗಿ ಕಾಣುವ ಈ ವಿವರಕ್ಕೆ ಸಂದರ್ಶನದ ಕೋಣೆಯಲ್ಲಿ ತೂಕ ಬರುತ್ತದೆ.

ಪಿಂಪ್ರಿಯ ಕೋಣೆ

ಕೋಣೆಗೆ ಕಾಲಿಡುತ್ತಿದ್ದಂತೆ, ಜೆ.ಆರ್.ಡಿ.ಗೆ ಪತ್ರ ಬರೆದ ಹುಡುಗಿ ಇವಳೇ ಎಂದು ಮಂಡಳಿಯಲ್ಲಿ ಯಾರೋ ಪಿಸುಗುಟ್ಟಿದ್ದು ಅವರ ಕಿವಿಗೆ ಬಿತ್ತು. ಕೆಲಸ ಸಿಗುವುದಿಲ್ಲ ಎಂದು ಆ ಕ್ಷಣವೇ ತೀರ್ಮಾನಿಸಿಕೊಂಡರು; ಅದರಿಂದ ಭಯವೂ ಹೋಯಿತು. ಪ್ರಶ್ನೆ ಆರಂಭವಾಗುವ ಮೊದಲೇ, ಇದು ತಾಂತ್ರಿಕ ಸಂದರ್ಶನ ಮಾತ್ರ ಎಂದು ಭಾವಿಸಿದ್ದೇನೆ ಎಂಬರ್ಥದ ಮಾತನ್ನು ಒರಟಾಗಿಯೇ ಹೇಳಿದರು. ಮಂಡಳಿಯವರು ಅವಾಕ್ಕಾದರು. ಆ ಒರಟುತನಕ್ಕೆ ಮುಂದೆ ನಾಚಿಕೊಂಡದ್ದನ್ನೂ ಅವರೇ ಬರೆದಿದ್ದಾರೆ.

ಆಯ್ಕೆಯ ದೃಷ್ಟಿಯಿಂದ ನೋಡಿದರೆ ಇಡೀ ಸಂದರ್ಶನದ ತಿರುವು ಇದೇ ಮಾತಿನಲ್ಲಿದೆ. ಸಾಮಾನ್ಯವಾಗಿ ಸಂದರ್ಶನದಲ್ಲಿ ಯಾವುದರ ಬಗ್ಗೆ ಮಾತಾಡಬೇಕು ಎಂಬುದನ್ನು ನಿರ್ಧರಿಸುವವರು ಮೇಜಿನ ಆಚೆ ಕುಳಿತವರು. ಇಲ್ಲಿ ಅಭ್ಯರ್ಥಿಯೇ ಎಲ್ಲೆ ಹಾಕಿದರು, ಮತ್ತು ಮಂಡಳಿ ಅದನ್ನು ಒಪ್ಪಿ ತಾಂತ್ರಿಕ ಪ್ರಶ್ನೆಗಳನ್ನೇ ಕೇಳಿತು. ಎಲ್ಲಕ್ಕೂ ಉತ್ತರ ಬಂತು. ಮದುವೆ ಯಾವಾಗ, ಮನೆಯವರು ಒಪ್ಪುತ್ತಾರೆಯೇ, ಒಬ್ಬಳೇ ಪರಊರಿನಲ್ಲಿ ಇರಬಲ್ಲೆಯಾ ಎಂಬ ಪ್ರಶ್ನೆಗಳು ಮೊದಲು ಬಂದಿದ್ದರೆ, ತಾಂತ್ರಿಕ ಉತ್ತರಗಳನ್ನು ಕೇಳುವಾಗ ಮಂಡಳಿಯ ಮನಸ್ಸು ಅಷ್ಟರೊಳಗೆ ಒಂದು ಕಡೆ ವಾಲಿರುತ್ತಿತ್ತು. ಸಾಮರ್ಥ್ಯದ ಪರೀಕ್ಷೆ ಮೊದಲು ಮುಗಿದು, ಫಲಿತಾಂಶ ಎಲ್ಲರ ಕಣ್ಣೆದುರು ಇದ್ದಾಗ ಮಾತ್ರ ಉಳಿದ ಮಾತು ಬಂತು. ಈ ಅನುಕ್ರಮ ಅಭ್ಯರ್ಥಿಗೆ ದೊಡ್ಡ ಅನುಕೂಲ ಮಾಡಿಕೊಟ್ಟಿತು.

ಉಳಿದ ಮಾತನ್ನು ಆಡಿದವರು ಮಂಡಳಿಯ ಹಿರಿಯರೊಬ್ಬರು. ಅವರ ದನಿಯಲ್ಲಿ ಅಕ್ಕರೆಯಿತ್ತು ಎಂದು ಸುಧಾ ಮೂರ್ತಿ ಬರೆಯುತ್ತಾರೆ. ಇಲ್ಲಿಯವರೆಗೆ ಶಾಪ್ ಫ್ಲೋರಿನಲ್ಲಿ ಮಹಿಳೆಯರನ್ನು ತೆಗೆದುಕೊಂಡಿಲ್ಲ, ಇದು ಹುಡುಗ ಹುಡುಗಿಯರು ಕೂಡಿ ಓದುವ ಕಾಲೇಜಲ್ಲ, ಕಾರ್ಖಾನೆ. ಓದಿನಲ್ಲಿ ನೀವು ಉದ್ದಕ್ಕೂ ಮೊದಲ ಸ್ಥಾನ ಪಡೆದವರು, ಅದನ್ನು ಮೆಚ್ಚುತ್ತೇವೆ, ನಿಮ್ಮಂಥವರು ಸಂಶೋಧನಾಲಯಗಳಲ್ಲಿ ಇರಬೇಕು ಎಂಬುದು ಅವರ ವಿವರಣೆ. ಈ ಹಿರಿಯರನ್ನು ಕಥೆಯ ಖಳನನ್ನಾಗಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಅವರು ಪ್ರಶ್ನೆ ಕೇಳುತ್ತಿಲ್ಲ, ಸಮಜಾಯಿಷಿ ಕೊಡುತ್ತಿದ್ದಾರೆ. ತಿರಸ್ಕರಿಸಬೇಕಾದ ಅಭ್ಯರ್ಥಿಗೆ ಮಂಡಳಿ ವಿವರಣೆ ಕೊಡುವ ಗೋಜಿಗೆ ಹೋಗುವುದಿಲ್ಲ, ಧನ್ಯವಾದ ಹೇಳಿ ಕಳಿಸುತ್ತದೆ. ಕಂಪನಿಯ ನಿಯಮಕ್ಕೆ ಕಾರಣ ಹೇಳಬೇಕು ಎಂದು ಹಿರಿಯರಿಗೆ ಅನಿಸಿದಾಗಲೇ, ಆ ನಿಯಮ ತನ್ನಷ್ಟಕ್ಕೆ ತಾನು ನಿಲ್ಲದು ಎಂಬುದನ್ನು ಮಂಡಳಿ ಒಪ್ಪಿಕೊಂಡಂತಾಗಿತ್ತು.

ಸಂಶೋಧನಾಲಯದ ಸಲಹೆಯೂ ಗಮನಾರ್ಹ. ಅದು ಹೊಗಳಿಕೆಯ ರೂಪದಲ್ಲಿ ಬಂದ ನಿರಾಕರಣೆ. ಪ್ರತಿಭೆ ಕಡಿಮೆಯಾಯಿತು ಎಂದು ಹೇಳಲಾಗದ ಕಡೆ, ಪ್ರತಿಭೆ ಹೆಚ್ಚಾಯಿತು ಎಂದು ಹೇಳಿ ಬೇರೆ ದಾರಿ ತೋರಿಸುವುದು. ಇಂದಿಗೂ ಮೆಕ್ಯಾನಿಕಲ್ ಓದಿದ ಹುಡುಗಿಯರಿಗೆ ವಿನ್ಯಾಸ ವಿಭಾಗವೋ ಗುಣಮಟ್ಟದ ದಾಖಲೆ ನೋಡುವ ವಿಭಾಗವೋ ನಿಮಗೆ ಒಳ್ಳೆಯದು ಎಂಬ ಸಲಹೆ ಸಂದರ್ಶನಗಳಲ್ಲಿ ಸಿಗುವುದು ಅಪರೂಪವೇನಲ್ಲ, ಮತ್ತು ಸಲಹೆ ಕೊಡುವವರು ಬಹುತೇಕ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ.

ಅಭ್ಯರ್ಥಿಯ ಉತ್ತರ: ಎಲ್ಲಾದರೂ ಒಂದು ಕಡೆ ಆರಂಭ ಮಾಡಲೇಬೇಕು, ಇಲ್ಲದಿದ್ದರೆ ಯಾವ ಹೆಣ್ಣೂ ಎಂದೂ ನಿಮ್ಮ ಕಾರ್ಖಾನೆಯಲ್ಲಿ ಕೆಲಸ ಮಾಡಲಾರಳು. ದೊಡ್ಡ ಉದ್ಯಮಗಳ ಕಷ್ಟಗಳು ತಿಳಿಯದ ವಯಸ್ಸಿನಲ್ಲಿ ಆಡಿದ ಮಾತು ಅದು ಎಂದು ಮುಂದೆ ಅವರೇ ವಿನಯದಿಂದ ಹೇಳಿಕೊಂಡಿದ್ದಾರೆ. ತರ್ಕವಾಗಿ ನೋಡಿದರೆ ಅದರಲ್ಲಿ ತಪ್ಪಿಲ್ಲ. ಹಿರಿಯರ ವಾದ ಹಿಂದಿನ ಅನುಭವದ ಅಭಾವವನ್ನು ಆಧರಿಸಿತ್ತು. ಆ ಅಭಾವವೇ ಕಾರಣವಾದರೆ ಅದು ಎಂದೂ ತುಂಬುವುದಿಲ್ಲ ಎಂದು ಅಭ್ಯರ್ಥಿ ತೋರಿಸಿದರು. ರಾತ್ರಿ ಪಾಳಿಯ ಬಗ್ಗೆ, ಕಾರ್ಮಿಕರ ನಡುವಿನ ಶಿಸ್ತಿನ ಬಗ್ಗೆ, ವಸತಿಯ ಬಗ್ಗೆ ಅವರು ಯಾವ ಪರಿಹಾರವನ್ನೂ ಸೂಚಿಸಲಿಲ್ಲ. ಸೂಚಿಸುವುದು ಅವರ ಕೆಲಸವೂ ಆಗಿರಲಿಲ್ಲ. ಕಾರ್ಖಾನೆಯ ತೊಡಕನ್ನು ಕಾರ್ಖಾನೆಗೇ ಹಿಂದಿರುಗಿಸಿದರು ಎನ್ನಬಹುದು. ದೀರ್ಘ ಸಂದರ್ಶನದ ಕೊನೆಯಲ್ಲಿ ಆಯ್ಕೆಯಾಗಿದ್ದೀರಿ ಎಂದು ಮಂಡಳಿ ತಿಳಿಸಿತು.

ಧೈರ್ಯದ ಹಿಂದಿನ ಲೆಕ್ಕ

ಇಲ್ಲಿ ಒಂದು ಅಹಿತಕರ ಪ್ರಶ್ನೆಯನ್ನು ಎತ್ತಲೇಬೇಕು. ಅಮೆರಿಕದ ವಿದ್ಯಾರ್ಥಿವೇತನ ಇಲ್ಲದ, ಮನೆಯ ಸಾಲ ತೀರಿಸಲು ಈ ಒಂದೇ ಕೆಲಸವನ್ನು ನೆಚ್ಚಿಕೊಂಡ, ರ‍್ಯಾಂಕ್ ಇಲ್ಲದ ವಿದ್ಯಾರ್ಥಿನಿಯೊಬ್ಬಳು ಆ ಕೋಣೆಯಲ್ಲಿ ಕುಳಿತಿದ್ದರೆ, ಇದು ತಾಂತ್ರಿಕ ಸಂದರ್ಶನ ಮಾತ್ರ ತಾನೇ ಎಂದು ಮಂಡಳಿಗೆ ಹೇಳುತ್ತಿದ್ದಳೇ? ಕೆಲಸ ಬೇಕೇ ಬೇಕು ಎಂಬ ಒತ್ತಡ ಇಲ್ಲದವರಿಗೆ ಸಂದರ್ಶನದಲ್ಲಿ ಸಿಗುವ ಸ್ವಾತಂತ್ರ್ಯ ಬೇರೆಯೇ. ಸೀರೆ ಕೊಳ್ಳಲು ಹೊರಟ ಪ್ರವಾಸ ಎಂಬ ಹಗುರತನ ಸುಧಾ ಕುಲಕರ್ಣಿಯವರ ದಿಟ್ಟತನವನ್ನು ಕಡಿಮೆ ಮಾಡುವುದಿಲ್ಲ, ಆದರೆ ಆ ದಿಟ್ಟತನಕ್ಕೆ ನಿಲ್ಲಲು ಒಂದು ನೆಲ ಇತ್ತು ಎಂಬುದನ್ನು ನೆನಪಿಸುತ್ತದೆ. ಸಂದರ್ಶನಕ್ಕೆ ಹೋಗುವ ಹುಡುಗಿಯರಿಗೆ ಈ ಪ್ರಸಂಗವನ್ನು ಮಾದರಿಯಾಗಿ ಹೇಳುವವರು ಅಷ್ಟನ್ನು ಬಿಟ್ಟು ಹೇಳಿದರೆ, ಧೈರ್ಯ ಸಾಲದ್ದರಿಂದ ಕೆಲಸ ಸಿಗಲಿಲ್ಲ ಎಂಬ ಇನ್ನೊಂದು ಹೊರೆಯನ್ನು ಅವರ ತಲೆಯ ಮೇಲೆ ಇಟ್ಟಂತಾಗುತ್ತದೆ.

ಇನ್ನೊಂದು ಅನುಕೂಲವೂ ಇತ್ತು, ಅದನ್ನು ಕಂಪನಿಯೇ ಒದಗಿಸಿತ್ತು. ನಿಷೇಧ ಬರಹದಲ್ಲಿತ್ತು. ಅಚ್ಚಾದ ಸಾಲನ್ನು ಎತ್ತಿ ತೋರಿಸಿ ಪ್ರಶ್ನಿಸಬಹುದು. 1976ರ ನಂತರ ಅಂಥ ಸಾಲನ್ನು ಬರೆಯುವುದು ಅಪಾಯಕರವಾಯಿತು. ಸಾಲು ಮಾಯವಾದಷ್ಟು ಬೇಗ ಅಭ್ಯಾಸ ಮಾಯವಾಗಲಿಲ್ಲ. ಕರೆಯೇ ಬಾರದ ಅರ್ಜಿ, ಮುಗುಳುನಗೆಯ ನಡುವೆ ಕೇಳುವ ಮದುವೆಯ ಪ್ರಶ್ನೆ, ಸದ್ಯಕ್ಕೆ ಹುದ್ದೆ ಖಾಲಿಯಿಲ್ಲ ಎಂಬ ಮಿಂಚಂಚೆ ಇವುಗಳ ವಿರುದ್ಧ ಯಾರಿಗೆ ಕಾರ್ಡು ಬರೆಯುವುದು?

ಕೊಡಗಿನ ಸಿ.ಬಿ. ಮುತ್ತಮ್ಮ ಅವರ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಲೋಕಸೇವಾ ಆಯೋಗದ ಸಂದರ್ಶನ ಮಂಡಳಿ ಅವರ ಮನಸ್ಸನ್ನು ಬೇರೆ ಸೇವೆಯ ಕಡೆ ತಿರುಗಿಸಲು ನೋಡಿತ್ತು, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆದುಕೊಡಬೇಕಾಗಿಯೂ ಬಂದಿತ್ತು. ಸರ್ಕಾರಿ ಸೇವೆಯಾದ್ದರಿಂದ ಸಂವಿಧಾನದ 16ನೇ ವಿಧಿಯ ಆಸರೆ ಅವರಿಗಿತ್ತು. ಬಡ್ತಿಯ ತಾರತಮ್ಯದ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಅಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಿದ್ದ ಕಾರಣ ಅರ್ಜಿಯನ್ನು ವಜಾ ಮಾಡಿದರೂ, ಸೇವಾ ನಿಯಮಗಳಲ್ಲಿನ ತಾರತಮ್ಯವನ್ನು ಕಟುವಾಗಿ ಟೀಕಿಸಿ ಅವುಗಳ ಪರಿಷ್ಕರಣೆಗೆ ಸೂಚಿಸಿದರು. ಸೇವೆಗೆ ಸೇರಿದ ವರ್ಷದಿಂದ ತೀರ್ಪಿನವರೆಗೆ 30 ವರ್ಷ. ಟೆಲ್ಕೊ ಪ್ರಕರಣ ಹತ್ತು ದಿನಗಳಲ್ಲಿ ತಿರುಗಿತು, ಆದರೆ ಆ ತಿರುವು ಒಬ್ಬರ ಸದ್ಭಾವನೆಯ ಮೇಲೆ ನಿಂತಿತ್ತು. ಮುತ್ತಮ್ಮನವರ ದಾರಿ ನಿಧಾನದ್ದು. ಅದರ ಫಲ ಮಾತ್ರ ಅವರ ಹಿಂದೆ ಬಂದವರಿಗೆಲ್ಲ ಸಿಕ್ಕಿತು.

ನೇಮಕದ ನಂತರ

ಸುಧಾ ಕುಲಕರ್ಣಿ ಅಮೆರಿಕದ ವಿದ್ಯಾರ್ಥಿವೇತನ ಬಿಟ್ಟು ಟೆಲ್ಕೊ ಸೇರಿದರು. ಪುಣೆಯಲ್ಲಿ, ನಂತರ ಮುಂಬೈ ಮತ್ತು ಜಮ್‌ಷೆಡ್‌ಪುರದಲ್ಲಿ ಕೆಲಸ ಮಾಡಿದರು. ಪತ್ರ ಬರೆದದ್ದು ಎಂಥವರಿಗೆ ಎಂಬ ಅರಿವು ಬಂದದ್ದು ಸೇರಿದ ಮೇಲೆ. ಮುಂಬೈಗೆ ವರ್ಗವಾದ ಮೇಲೆ ಒಮ್ಮೆ ಟಾಟಾ ಸಮೂಹದ ಕೇಂದ್ರ ಕಚೇರಿಯಾದ ಬಾಂಬೆ ಹೌಸಿನಲ್ಲಿ ಮೂಳಗಾಂವ್‌ಕರ್ ಅವರ ಕೋಣೆಯಲ್ಲಿದ್ದಾಗ ಜೆ.ಆರ್.ಡಿ. ಒಳಗೆ ಬಂದರು. ಟೆಲ್ಕೊ ಶಾಪ್ ಫ್ಲೋರಿನಲ್ಲಿ ಕೆಲಸ ಮಾಡಿದ ಮೊದಲ ಮಹಿಳೆ ಎಂದು ಮೂಳಗಾಂವ್‌ಕರ್ ಪರಿಚಯಿಸಿದರು. ಕಾರ್ಡಿನ ಮಾತು ಎಲ್ಲಿ ಬರುವುದೋ ಎಂದು ಇವರು ಆತಂಕದಲ್ಲಿದ್ದರೆ, ಹುಡುಗಿಯರು ಇಂಜಿನಿಯರಿಂಗಿಗೆ ಬರುತ್ತಿರುವುದು ಸಂತೋಷ ಎಂದಷ್ಟೇ ಹೇಳಿ ಜೆ.ಆರ್.ಡಿ. ಹೆಸರು ವಿಚಾರಿಸಿದರು. 1980ರ ದಶಕದ ಆರಂಭದಲ್ಲಿ, ಪತಿ ನಾರಾಯಣ ಮೂರ್ತಿಯವರು ಗೆಳೆಯರೊಡನೆ ಇನ್ಫೋಸಿಸ್ ಕಟ್ಟಲು ತೊಡಗಿದ ಕಾಲಕ್ಕೆ, ಅವರು ಟೆಲ್ಕೊ ಬಿಟ್ಟರು.

ಪ್ರಕಟಣೆಯ ಸಾಲಿನ ಹಿಂದಿದ್ದ ರಾತ್ರಿ ಪಾಳಿಯ ತೊಡಕು ಮಾತ್ರ ಕಾನೂನಿನಲ್ಲಿ ಬಹಳ ಕಾಲ ಹಾಗೇ ಉಳಿಯಿತು. ಸಮಾನ ವೇತನ ಕಾಯಿದೆಯೇ, ಬೇರೆ ಕಾನೂನಿನಿಂದ ಮಹಿಳೆಯರಿಗೆ ನಿರ್ಬಂಧಿತವಾದ ಕೆಲಸಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಬಡ್ತಿ, ತರಬೇತಿ, ವರ್ಗಾವಣೆಗಳಲ್ಲಿ ಭೇದ ಮಾಡಬಾರದು ಎಂಬುದು ಅದರೊಳಗೆ ಸೇರಿದ್ದು 1987ರ ತಿದ್ದುಪಡಿಯಲ್ಲಿ. ರಾತ್ರಿ ಕೆಲಸದ ನಿಷೇಧ ಸಮಾನತೆಗೆ ವಿರುದ್ಧ ಎಂದು ಮದ್ರಾಸ್ ಹೈಕೋರ್ಟ್ ವಸಂತಾ ಪ್ರಕರಣದಲ್ಲಿ ಹೇಳಿದ್ದು 2000ದಲ್ಲಿ. ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ಷರತ್ತುಬದ್ಧ ಅನುಮತಿ ನೀಡಿದ್ದು 2019ರ ನವೆಂಬರಿನಲ್ಲಿ. ಮಹಿಳೆಯ ಒಪ್ಪಿಗೆ ಪಡೆಯಬೇಕು, ಹೋಗಿ ಬರಲು ವಾಹನದ ವ್ಯವಸ್ಥೆಯನ್ನು ಕಾರ್ಖಾನೆಯೇ ಮಾಡಬೇಕು ಎಂಬವು ಆ ಷರತ್ತುಗಳಲ್ಲಿ ಮುಖ್ಯವಾದವು. ಯಾವ ಕೆಲಸವನ್ನು 1974ರಲ್ಲಿ ಒಂದು ಸಾಲು ಬರೆದು ತಪ್ಪಿಸಿಕೊಳ್ಳಲಾಗಿತ್ತೋ, ಅದನ್ನು ಮಾಲೀಕನ ಕರ್ತವ್ಯಗಳ ಪಟ್ಟಿಗೆ ಸೇರಿಸಲಾಯಿತು. ಟಾಟಾ ಮೋಟಾರ್ಸ್ ಕಂಪನಿಯ ಪುಣೆ ಕಾರ್ಖಾನೆಯಲ್ಲಿ ಹ್ಯಾರಿಯರ್ ಮತ್ತು ಸಫಾರಿ ಗಾಡಿಗಳ ಜೋಡಣೆಯ ಸಾಲನ್ನು ಈಗ ಮಹಿಳೆಯರೇ ನಡೆಸುತ್ತಾರೆ.